ವಾರ್ಡಿಗೆ ಬಂದ ಫಾರ್ಮಸಿ ಮೇಷ್ಟ್ರು

ನಮ್ಮ ಕಡೆ ಅರವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ, ಕಾಂಪೌಂಡರ್ ಅಂದರೆ ಯಾರು ಅಂತ ಹೇಳುತ್ತಾರೆ. ಡಾಕ್ಟರ ಕೋಣೆಯ ಪಕ್ಕದ ಕಿಂಡಿಯ ಹಿಂದೆ ನಿಂತು, ದೊಡ್ಡ ಸೀಸೆಯಿಂದ ಗುಲಾಬಿ ಬಣ್ಣದ ಮಿಕ್ಸ್ಚರ್ ಬಗ್ಗಿಸಿ ಕೊಡುತ್ತಿದ್ದವರು. ಬಾಟಲಿಯನ್ನು ಮನೆಯಿಂದಲೇ ತೊಳೆದು ಒಯ್ಯಬೇಕಿತ್ತು. ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲಿ ಅಂತ ಬಾಟಲಿಯ ಹೊರಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು. ಓದು ಬಾರದವರಿಗೂ ಆ ಪಟ್ಟಿ ಅರ್ಥವಾಗುತ್ತಿತ್ತು. ನಾವು ಮೂವತ್ತರ ಆಸುಪಾಸಿನವರು, ಇದನ್ನೆಲ್ಲ ಕಣ್ಣಾರೆ ಕಂಡಿಲ್ಲ. ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದೇವೆ.

ಆ ಕಾಂಪೌಂಡರ್ ತನ್ನ ಕೆಲಸವನ್ನು ಎಲ್ಲಿ ಕಲಿತ? ಬಹಳ ಮಂದಿ ಕಾಲೇಜಿನಲ್ಲಿ ಕಲಿತವರಲ್ಲ. ಒಬ್ಬ ಡಾಕ್ಟರ ಪಕ್ಕ ವರ್ಷಗಟ್ಟಲೆ ನಿಂತು, ನೋಡಿ, ಬೈಸಿಕೊಂಡು ಕಲಿತವರು. ಅಲ್ಲಿ ಗುರು ಇದ್ದರು, ರೋಗಿಯೂ ಎದುರಿಗೇ ಇದ್ದ. ಇಲ್ಲದಿದ್ದದ್ದು ಪುಸ್ತಕ, ಪರೀಕ್ಷೆ, ಮತ್ತು 'ಇದು ಹೀಗೇ ಏಕೆ' ಎಂದು ಕೇಳುವ ಅಭ್ಯಾಸ.

ಈ ಬರಹ ಆಮೇಲೆ ಏನಾಯಿತು ಅನ್ನುವುದರ ಬಗ್ಗೆ. ಓದು ಬಂತು, ಡಿಗ್ರಿ ಬಂತು, ಅದರ ಮೇಲೊಂದು ಡಿಗ್ರಿಯೂ ಬಂತು. ಆದರೆ ಆ ಗಡಿಬಿಡಿಯಲ್ಲಿ ರೋಗಿ ಕಳೆದುಹೋದ. ಅವನನ್ನು ಮತ್ತೆ ಹುಡುಕಿಕೊಂಡ ಕೆಲಸ ದೇಶದಲ್ಲಿ ಮೊದಮೊದಲು ನಡೆದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಹಳ್ಳಿಯವರಾದ ನಮಗೆ ಇದರಲ್ಲೇನು ಅಂತ ಕೇಳಬಹುದು. ನಮ್ಮ ತಾಲ್ಲೂಕುಗಳ ಎಷ್ಟೋ ಮಕ್ಕಳು ಈಗ ಡಿ.ಫಾರ್ಮ್, ಬಿ.ಫಾರ್ಮ್, ಎಂ.ಫಾರ್ಮ್, ಫಾರ್ಮ್ ಡಿ ಎಂದು ಓದುತ್ತಿದ್ದಾರೆ. ನಮ್ಮ ಮನೆಗಳ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಅವರ ಕೈಯಿಂದಲೇ ಬರುತ್ತವೆ.

ಮೊದಲು ದೇಶದ ಕಥೆಯನ್ನು ಬೇಗ ಮುಗಿಸೋಣ. ಬ್ರಿಟಿಷರ ಕಾಲದಲ್ಲಿ ಪೇಟೆಗೆ ಬರುತ್ತಿದ್ದ ಔಷಧಿಗಳಲ್ಲಿ ಅಸಲಿ ಯಾವುದು ನಕಲಿ ಯಾವುದು ಅಂತ ಹೇಳುವವರೇ ಇರಲಿಲ್ಲ. ದೂರು ಜಾಸ್ತಿಯಾಗಿ, 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ನೇತೃತ್ವದಲ್ಲಿ ಒಂದು ಸಮಿತಿ ಆಯಿತು. ಮುಂದಿನ ವರ್ಷವೇ ವರದಿ ಬಂತು. ಔಷಧಿ ಮಾಡುವವರಿಗೂ ಕೊಡುವವರಿಗೂ ಸರಿಯಾದ ಓದು ಬೇಕು, ಕಾನೂನು ಬೇಕು ಎಂದು ಅದು ಹೇಳಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಎಂಬ ಮೇಷ್ಟ್ರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಶುರು ಮಾಡಿದರು. ನಮ್ಮ ದೇಶದಲ್ಲಿ ಈ ಓದಿಗೆ ಅವರೇ ತಂದೆ ಅನ್ನುತ್ತಾರೆ. ಅವರ ಹುಟ್ಟಿದ ದಿನ ಮಾರ್ಚ್ 6ನ್ನು ಈಗ ಫಾರ್ಮಸಿ ಶಿಕ್ಷಣ ದಿನವೆಂದು ಆಚರಿಸುತ್ತಾರೆ. 1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. ಕಿಂಡಿಯ ಹಿಂದೆ ನಿಲ್ಲುವವರು ಓದಿರಬೇಕು, ಹೆಸರು ನೋಂದಾಯಿಸಿರಬೇಕು ಎಂಬ ನಿಯಮ ಅಲ್ಲಿಂದ ಬಂತು.

ಒಳ್ಳೆಯ ನಿಯಮವೇ. ಆದರೆ ಕಾಲೇಜು ಬಂದಂತೆ ಫಾರ್ಮಸಿ ಓದು ಆಸ್ಪತ್ರೆಯಿಂದ ದೂರ ಸರಿದು ಪ್ರಯೋಗಶಾಲೆ ಸೇರಿತು. ಅದಕ್ಕೆ ಕಾರಣವೂ ಇತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶಕ್ಕೆ ಬೇಕಾಗಿದ್ದದ್ದು ಮಾತ್ರೆ ತಯಾರಿಸುವ ಕಾರ್ಖಾನೆಗಳು, ಅಲ್ಲಿ ದುಡಿಯುವ ತಿಳಿದ ಜನ. ಹಾಗಾಗಿ ಎಂ.ಫಾರ್ಮ್ ಅಂದರೆ ರಸಾಯನ, ಯಂತ್ರ, ಬಿಳಿ ಇಲಿ, ಗಿಡಮೂಲಿಕೆಯ ಸಾರ ಎಂದಾಯಿತು.

ಆ ಪ್ರಯೋಗಶಾಲೆಯನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಒಂದು ಉದಾಹರಣೆ ಹೇಳುತ್ತೇವೆ. ಮಾತ್ರೆ ಹೊಟ್ಟೆಯೊಳಗೆ ಎಷ್ಟು ಹೊತ್ತಿನಲ್ಲಿ ಕರಗುತ್ತದೆ ಎಂದು ನೋಡುವ ಒಂದು ಯಂತ್ರವಿದೆ. ಸಾಲಾಗಿ ಗಾಜಿನ ಪಾತ್ರೆಗಳು, ಒಂದೊಂದರಲ್ಲೂ ಸಾಮಾನ್ಯವಾಗಿ 900 ಮಿಲಿಲೀಟರ್ ದ್ರವ, ನಮ್ಮ ಮೈ ಬಿಸಿಯಷ್ಟೇ ಅಂದರೆ 37 ಡಿಗ್ರಿ ಕಾವು. ಒಂದು ಸಲಕ್ಕೆ ಆರು ಮಾತ್ರೆ ಹಾಕಿ, ಇಷ್ಟಿಷ್ಟು ನಿಮಿಷಕ್ಕೊಮ್ಮೆ ಸ್ವಲ್ಪ ದ್ರವ ತೆಗೆದು ಅಳೆಯಬೇಕು. ಆರರಲ್ಲಿ ಐದು ಸರಿಯಾಗಿ ಕರಗಿ ಒಂದು ಕರಗದಿದ್ದರೆ ವಿದ್ಯಾರ್ಥಿಗೆ ಎದೆ ಢವಢವ. ಆ ಆರನೆಯದನ್ನು ಬರೆಯದೆ ಬಿಟ್ಟುಬಿಡೋಣ ಅನ್ನಿಸುತ್ತದೆ. ಒಳ್ಳೆಯ ಗೈಡ್ ಬೇಕಾಗುವುದು ಆ ಗಳಿಗೆಯಲ್ಲಿ. 'ಐದರ ಲೆಕ್ಕ ಆಮೇಲೆ ನೋಡೋಣ, ಮೊದಲು ಆ ಆರನೆಯದನ್ನು ತಗೊಂಡು ಬಾ' ಅನ್ನುವ ಮೇಷ್ಟ್ರು ಸಿಕ್ಕರೆ ಆ ಹುಡುಗನ ಜೀವನವೇ ಬೇರೆ. ನಾಳೆ ಅವನು ಕಾರ್ಖಾನೆಯಲ್ಲಿ ಕೂತು ಸಹಿ ಹಾಕುವುದು ನಮ್ಮ ಮಕ್ಕಳು ನುಂಗುವ ಮಾತ್ರೆಗೆ.

ಗುರು ಹೀಗೆ ಕಲಿಸಿದ್ದು ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದಕ್ಕೆ ಅಮೆರಿಕದ್ದೊಂದು ಕಥೆ ಇದೆ. ಸ್ವಲ್ಪ ದೂರದ್ದು, ಆದರೆ ಬಿಡಲು ಮನಸ್ಸಿಲ್ಲ. 1936ರಲ್ಲಿ ಕೆನಡಾದ ಫ್ರಾನ್ಸಿಸ್ ಓಲ್ಡ್‌ಹ್ಯಾಮ್ ಎಂಬ ಹುಡುಗಿ ಶಿಕಾಗೋದ ಪ್ರೊಫೆಸರ್ ಗೈಲಿಂಗ್ ಅವರಿಗೆ, ನಿಮ್ಮ ಹತ್ತಿರ ಸಂಶೋಧನೆ ಮಾಡಲು ಅವಕಾಶ ಕೊಡಿ ಎಂದು ಪತ್ರ ಬರೆದಳು. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದೇ ಅಕ್ಷರ ಬದಲಾದರೆ ಗಂಡಿನ ಹೆಸರಾಗುತ್ತದೆ. ಗೈಲಿಂಗ್ ಅವಳನ್ನು ಹುಡುಗ ಎಂದುಕೊಂಡು ಕೆಲಸ ಕೊಟ್ಟು ಪತ್ರ ಹಾಕಿದರು. ಏನು ಮಾಡಲಿ ಎಂದು ಅವಳು ತನ್ನ ಊರಿನ ಮೇಷ್ಟ್ರನ್ನು ಕೇಳಿದಾಗ ಅವರು, ಸುಮ್ಮನೆ ಒಪ್ಪಿಕೊಂಡು ಹೋಗು ಅಂದರು. ಹೋದಳು.

ಮರುವರ್ಷ, 1937ರಲ್ಲಿ, ಅಮೆರಿಕದಲ್ಲಿ ಒಂದು ಸಿರಪ್ ಕುಡಿದ 100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಜನ ಮಕ್ಕಳು. ಸಲ್ಫಾ ಔಷಧಿಯನ್ನು ಕರಗಿಸಲು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿ ವಿಷವನ್ನು ಹಾಕಿದ್ದರು. ಅದನ್ನು ಪತ್ತೆ ಹಚ್ಚುವ ಕೆಲಸ ಗೈಲಿಂಗ್ ಅವರ ಪ್ರಯೋಗಶಾಲೆಗೂ ಬಂತು. ಇಲಿಗಳಿಗೆ ಕುಡಿಸಿ, ದಿನವೂ ನೋಡಿ ಬರೆಯುವ ಕೆಲಸದಲ್ಲಿ ಈ ವಿದ್ಯಾರ್ಥಿನಿಯೂ ಕೈಜೋಡಿಸಿದಳು. 23 ವರ್ಷ ಕಳೆದು 1960ರಲ್ಲಿ ಅವರು ಸರ್ಕಾರದ ಔಷಧ ಇಲಾಖೆಯಲ್ಲಿ ಅಧಿಕಾರಿಯಾಗಿ ಕೂತಾಗ, ಥ್ಯಾಲಿಡೊಮೈಡ್ ಎಂಬ ಮಾತ್ರೆಯ ಅರ್ಜಿ ಮೇಜಿಗೆ ಬಂತು. ಯೂರೋಪಿನಲ್ಲಿ ಆಗಲೇ ಮಾರಾಟವಾಗುತ್ತಿದ್ದ ಮಾತ್ರೆ. ಕಂಪನಿ ಎಷ್ಟು ಒತ್ತಾಯ ಮಾಡಿದರೂ, ಪುರಾವೆ ಸಾಲದು ಎಂದು ಅವರು ಸಹಿ ಹಾಕಲಿಲ್ಲ. ಆಮೇಲೆ ತಿಳಿಯಿತು, ಬಸುರಿಯರು ಆ ಮಾತ್ರೆ ತಗೊಂಡು ಜಗತ್ತಿನಲ್ಲಿ ಸಾವಿರಾರು ಮಕ್ಕಳು ಕೈಕಾಲು ಸರಿಯಿಲ್ಲದೆ ಹುಟ್ಟಿದ್ದರು. ಮದುವೆಯಾದ ಮೇಲಿನ ಹೆಸರು ಫ್ರಾನ್ಸಿಸ್ ಕೆಲ್ಸಿ. ಓದುವಾಗ ಇಲಿಗಳ ಪಂಜರದ ಮುಂದೆ ಕೂತು ಕಲಿತದ್ದೇ ಆ ದಿನ ಕೈ ತಡೆದಿರಬೇಕು ಎಂದು ನಮಗೆ ಅನ್ನಿಸುತ್ತದೆ. ಅದೇ ಡೈಎಥಿಲೀನ್ ಗ್ಲೈಕಾಲ್ 1986ರಲ್ಲಿ ಮುಂಬೈನ ಆಸ್ಪತ್ರೆಯಲ್ಲಿ 14 ಜನರ ಜೀವ ತೆಗೆಯಿತು. ಕೆಮ್ಮಿನ ಸಿರಪ್ಪಿನ ಸುದ್ದಿ ಈಗಲೂ ಆಗಾಗ ಪೇಪರಿಗೆ ಬರುತ್ತಲೇ ಇದೆ, ನೀವೇ ಓದಿರುತ್ತೀರಿ.

ಈಗ ಮೈಸೂರಿಗೆ ಬರೋಣ.

ಸುತ್ತೂರು ಜಾತ್ರೆಗೆ ಹೋಗಿ ಬಂದವರಿಗೆ ಜೆಎಸ್ಎಸ್ ಅನ್ನುವ ಮೂರಕ್ಷರ ಬಿಡಿಸಿ ಹೇಳಬೇಕಾಗಿಲ್ಲ. ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಮಹಾವಿದ್ಯಾಪೀಠ ಕಟ್ಟಿದರು. ಹಳ್ಳಿ ಮಕ್ಕಳು ಮೈಸೂರಿಗೆ ಬಂದು ಉಳಿದು ಓದಲು ಹಾಸ್ಟೆಲು, ಊಟದ ಏರ್ಪಾಡು ಅದಕ್ಕೂ ಮೊದಲೇ ಇತ್ತು. ಆ ಸಂಸ್ಥೆಯ ಫಾರ್ಮಸಿ ಕಾಲೇಜು ಶುರುವಾದದ್ದು 1973ರಲ್ಲಿ. ಈಗ ಬನ್ನಿಮಂಟಪದ ಹತ್ತಿರ ಇರುವುದು ಅದೇ. ಊಟಿಯಲ್ಲಿ ಅದರ ತಂಗಿ ಕಾಲೇಜು 1980ರಲ್ಲಿ ಬಂತು. 1984ರಲ್ಲಿ ಮೈಸೂರಿನಲ್ಲೇ ವೈದ್ಯಕೀಯ ಕಾಲೇಜು ಶುರುವಾಯಿತು.

ಫಾರ್ಮಸಿ ಕಾಲೇಜು ಮತ್ತು ದೊಡ್ಡ ಆಸ್ಪತ್ರೆ ಎರಡೂ ಒಂದೇ ಮನೆಯದ್ದಾದವು. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಅಲ್ಲ. ಆ ಕಾಲದಲ್ಲಿ ಕರ್ನಾಟಕದ ತುಂಬ ಖಾಸಗಿ ಫಾರ್ಮಸಿ ಕಾಲೇಜುಗಳು ಎದ್ದವು, ಬಹಳಷ್ಟಕ್ಕೆ ಪಕ್ಕದಲ್ಲಿ ಆಸ್ಪತ್ರೆಯೇ ಇರಲಿಲ್ಲ. ಅಲ್ಲಿ ಓದಿದ ಹುಡುಗ ಪೆನ್ಸಿಲಿನ್‌ನ ರಚನೆಯನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದ, ಪೆನ್ಸಿಲಿನ್ ತಗೊಂಡು ಮೈಯೆಲ್ಲ ದದ್ದು ಎದ್ದ ಮನುಷ್ಯನನ್ನು ಕಂಡಿರುತ್ತಿರಲಿಲ್ಲ.

1990ರ ದಶಕದ ಉತ್ತರಾರ್ಧದಲ್ಲಿ ಮೈಸೂರು ಮತ್ತು ಊಟಿಯ ಈ ಎರಡು ಕಾಲೇಜುಗಳು 'ಫಾರ್ಮಸಿ ಪ್ರಾಕ್ಟೀಸ್' ಎಂಬ ವಿಷಯದಲ್ಲಿ ಎಂ.ಫಾರ್ಮ್ ಆರಂಭಿಸಿದವು. ದೇಶದಲ್ಲೇ ಮೊದಲ ಸಾಲಿನ ಪ್ರಯತ್ನ ಅದು. ಆದರೆ ಕಲಿಸುವವರು ಯಾರು? ಪ್ರಯೋಗಶಾಲೆಯಲ್ಲಿ ಬೆಳೆದ ಮೇಷ್ಟ್ರಿಗೆ ವಾರ್ಡು ಹೊಸದು. ಹೊರಗೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1966ರಲ್ಲೇ ಒಂದು ಆಸ್ಪತ್ರೆಯ ಒಂಬತ್ತನೇ ಮಹಡಿಯಲ್ಲಿ ಫಾರ್ಮಸಿಸ್ಟರನ್ನು ರೋಗಿಗಳ ನಡುವೆಯೇ ಕೂರಿಸಿ ನೋಡಿದ್ದರು. ಆಸ್ಟ್ರೇಲಿಯಾದಲ್ಲೂ ಆ ಕೆಲಸ ಬೆಳೆದಿತ್ತು. ಅಲ್ಲಿನ ಅಡಿಲೇಡ್ ನಗರದ ರಿಪ್ಯಾಟ್ರಿಯೇಷನ್ ಜನರಲ್ ಆಸ್ಪತ್ರೆಯವರು ಈ ಕಾಲೇಜುಗಳಿಗೆ ನೆರವಾದರು. ಹೀಗೆ ಕಲಿಸುವವರೇ ಮೊದಲು ಕಲಿಯಬೇಕಾಯಿತು. ಈ ಇಡೀ ಕಥೆಯಲ್ಲಿ ನಮಗೆ ಬಹಳ ಹಿಡಿಸಿದ್ದು ಇದೇ. ಮೇಷ್ಟ್ರಾದವರು ಮತ್ತೆ ವಿದ್ಯಾರ್ಥಿಯಾಗಿ ಕೂರುವುದು ನಮ್ಮಲ್ಲಿ ದಿನಾ ಕಾಣುವ ಸಂಗತಿಯಲ್ಲ.

ವಾರ್ಡಿನಲ್ಲಿ ಅವರು ಮಾಡುವುದೇನು ಅಂತ ನಮಗೂ ಮೊದಲು ಗೊತ್ತಿರಲಿಲ್ಲ. ಬೆಳಿಗ್ಗೆ ಡಾಕ್ಟರು ರೌಂಡ್ಸ್ ಬರುವ ಮೊದಲೇ ವಿದ್ಯಾರ್ಥಿ ಬಂದು ಕೇಸ್ ಶೀಟ್ ಓದುತ್ತಾಳೆ. ಯಾವ ಮಾತ್ರೆ, ಎಷ್ಟು, ಯಾವಾಗಿನಿಂದ ಎಂದು ನೋಡುತ್ತಾಳೆ. ಒಂದು ಮಾತ್ರೆ ಇನ್ನೊಂದರ ಜೊತೆ ಜಗಳವಾಡುತ್ತದೆಯೇ, ಕಿಡ್ನಿ ಸರಿಯಿಲ್ಲದವರಿಗೆ ಡೋಸ್ ಜಾಸ್ತಿಯಾಯಿತೇ ಎಂದು ಲೆಕ್ಕ ಹಾಕುತ್ತಾಳೆ. ಆಮೇಲೆ ರೋಗಿಯ ಹತ್ತಿರ ಕೂತು ಕೇಳುತ್ತಾಳೆ: ಮನೆಯಲ್ಲಿ ಏನೇನು ತಗೊಳ್ತಿದ್ರಿ, ನಾಟಿ ಔಷಧಿ ಏನಾದರೂ ಉಂಟಾ, ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಿದ್ದು ಯಾವುದು. ಕೇಸ್ ಶೀಟಿನಲ್ಲಿ ಇಲ್ಲದ್ದು ಎಷ್ಟೋ ಸಲ ಈ ಮಾತಿನಲ್ಲಿ ಹೊರಬರುತ್ತದೆ. ಅವಳ ಮೇಷ್ಟ್ರು ಜೊತೆಗಿರುತ್ತಾರೆ. ತಪ್ಪು ಕಂಡರೆ ಡಾಕ್ಟರಿಗೆ ಹೇಗೆ ಹೇಳಬೇಕು, ಯಾವ ಪುಸ್ತಕ ತೋರಿಸಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು, ಎಲ್ಲವನ್ನೂ ಅಲ್ಲೇ ಕಲಿಸುತ್ತಾರೆ. ಡಾಕ್ಟರ ತಪ್ಪನ್ನು ಡಾಕ್ಟರ ಮುಖ ಕೆಡದಂತೆ ಹೇಳುವುದು ಯಾವ ಸಿಲಬಸ್ಸಿನಲ್ಲೂ ಇಲ್ಲದ ವಿದ್ಯೆ.

ನಮ್ಮಲ್ಲೊಬ್ಬರ ಅಜ್ಜಿಯದೇ ಕಥೆ ಇದೆ. ಟಿ. ನರಸೀಪುರದ ಕಡೆಯವರು. ತಿಂಗಳುಗಟ್ಟಲೆ ಒಣಕೆಮ್ಮು. ರಾತ್ರಿ ಮಲಗಲು ಬಿಡುತ್ತಿರಲಿಲ್ಲ. ಸಿರಪ್ ಮೇಲೆ ಸಿರಪ್ ಆಯಿತು, ಕಷಾಯ ಆಯಿತು, ಟಿಬಿ ಇರಬಹುದೆಂದು ಕಫ ಪರೀಕ್ಷೆಯೂ ಆಯಿತು. ಏನೂ ಇಲ್ಲ. ಕೊನೆಗೆ ಕಾಲಿನ ಗಾಯಕ್ಕೆಂದು ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದಾಗ, ಬಿಳಿ ಕೋಟು ಹಾಕಿದ ಒಬ್ಬ ಹುಡುಗಿ ಹಾಸಿಗೆಯ ಪಕ್ಕ ಬಂದು ಕೂತಳು. ಕೇರಳದ ಹುಡುಗಿ, ಫಾರ್ಮಸಿ ಓದುತ್ತಿದ್ದವಳು. ಕನ್ನಡ ಮುರುಕು ಮುರುಕು.

"ಅಜ್ಜಿ, ಕೆಮ್ಮು ಮೊದಲಾ, ಬಿಪಿ ಮಾತ್ರೆ ಮೊದಲಾ?"

"ನಂಗೇನ್ ಗೊತ್ತು ಕೂಸೇ. ಆ ಚಿಕ್ಕ ಮಾತ್ರೆ ಕೊಟ್ಟಾಗ ಹುರುಳಿ ಕೀಳ್ತಿದ್ದೊ. ಕೆಮ್ಮು ಆಮೇಕೆ ಬಂತು."

ಹುಡುಗಿ ಹಿಂದೆ ತಿರುಗಿ ನೋಡಿದಳು. ಅವಳ ಮೇಷ್ಟ್ರು ಅಲ್ಲೇ ನಿಂತಿದ್ದರು. ಅವರಿಗೆ ಉತ್ತರ ಗೊತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಹೇಳಲಿಲ್ಲ. "ಇನ್ನೇನು ಕೇಳಬೇಕು?" ಅಂತ ಅವಳನ್ನೇ ಕೇಳಿದರು. ಅವಳು ಮತ್ತೆ ಅಜ್ಜಿಯ ಕಡೆ ತಿರುಗಿ ಮಾತ್ರೆಯ ಚೀಟಿ ಕೇಳಿದಳು. ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳಿಂದ ಕೆಲವರಿಗೆ ಹೀಗೆ ಒಣಕೆಮ್ಮು ಬರುತ್ತದೆ. ಇದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿಯೇ, ಆದರೆ ಕೆಮ್ಮಿಗೆ ತೋರಿಸುವ ಡಾಕ್ಟರು ಬೇರೆ, ಬಿಪಿಗೆ ತೋರಿಸುವ ಡಾಕ್ಟರು ಬೇರೆ ಆದಾಗ ಎರಡನ್ನೂ ಒಟ್ಟಿಗೆ ನೋಡುವವರು ಇರುವುದಿಲ್ಲ. ಡಾಕ್ಟರು ಮಾತ್ರೆ ಬದಲಿಸಿದರು. ಕೆಲವು ವಾರಗಳಲ್ಲಿ ಕೆಮ್ಮು ಹೋಯಿತು. (ಇದನ್ನು ಓದಿ ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ. ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರವೇ ಹೋಗಿ ಕೇಳಿ.)

ಎಂ.ಫಾರ್ಮ್ ಎರಡು ವರ್ಷದ ಓದು. ಎರಡನೇ ವರ್ಷ ಒಂದು ಸಂಶೋಧನೆ ಮಾಡಿ ಪ್ರಬಂಧ ಬರೆಯಬೇಕು. ಪ್ರಯೋಗಶಾಲೆಯವರಿಗೆ ಪ್ರಶ್ನೆ ಸಿಗುವುದು ಬೇರೆಯವರ ಪ್ರಬಂಧಗಳಲ್ಲಿ. ವಾರ್ಡಿನವರಿಗೆ ಪ್ರಶ್ನೆ ಸಿಗುವುದು ಹಾಸಿಗೆಯ ಪಕ್ಕದಲ್ಲಿ. ಅಜ್ಜಿಯ ಕೆಮ್ಮನ್ನು ನೋಡಿದ ಹುಡುಗಿಗೆ, ಇಂಥವರು ಇನ್ನೆಷ್ಟು ಜನ ಇರಬಹುದು ಅನ್ನಿಸಿದರೆ ಅದೇ ಸಂಶೋಧನೆಯ ಮೊಳಕೆ. ಆ ಮೊಳಕೆಯನ್ನು ಗಿಡ ಮಾಡುವುದು ಗೈಡ್ ಕೆಲಸ. ಎಷ್ಟು ರೋಗಿಗಳನ್ನು ನೋಡಬೇಕು, ಯಾರನ್ನು ಸೇರಿಸಬಾರದು, ಮಾತ್ರೆಯಿಂದಲೇ ಆಯಿತು ಅಂತ ಹೇಗೆ ಹೇಳುತ್ತೀಯ ಎಂದು ಒಂದೊಂದಾಗಿ ಕೇಳುತ್ತಾರೆ. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ರೋಗಿಗೆ ಓದಿ ಹೇಳುವ ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು, ಅದೂ ನಮ್ಮ ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ.

ಹೀಗೆ ಹುಟ್ಟಿದ ಕೆಲಸ ಹೊರಗಿನವರ ಕಣ್ಣಿಗೂ ಬಿತ್ತು. 2003ರಲ್ಲಿ ಮೈಸೂರಿನ ಎಂ. ರಮೇಶ್, ಜೆ. ಪಂಡಿತ್, ಜಿ. ಪಾರ್ಥಸಾರಥಿ ಈ ಮೂವರ ಹೆಸರಿನಲ್ಲಿ ಒಂದು ಲೇಖನ ಔಷಧ ಸುರಕ್ಷತೆಯ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬಂತು. ದಕ್ಷಿಣ ಭಾರತದ ಒಂದು ಆಸ್ಪತ್ರೆಯಲ್ಲಿ ಔಷಧಿಯಿಂದಲೇ ಆಗುವ ತೊಂದರೆಗಳು ಎಷ್ಟು ತೀವ್ರ, ಅದರ ಖರ್ಚೆಷ್ಟು ಎಂಬುದು ವಿಷಯ. ಒಂದು ತೊಂದರೆಯನ್ನು ಸರಿಪಡಿಸಲು ಸರಾಸರಿ 690 ರೂಪಾಯಿ ಎಂದು ಅವರು ಲೆಕ್ಕ ಕೊಟ್ಟರು. ಅದು ಇಪ್ಪತ್ತು ವರ್ಷಕ್ಕೂ ಹಿಂದಿನ 690 ರೂಪಾಯಿ. ಆಗ ನಮ್ಮ ಊರುಗಳಲ್ಲಿ ಕೂಲಿ ಎಷ್ಟಿತ್ತು ಅಂತ ಮನೆಯ ಹಿರಿಯರನ್ನು ಕೇಳಿ, ಎಷ್ಟು ದಿನದ ದುಡಿಮೆ ಅಂತ ನೀವೇ ಲೆಕ್ಕ ಹಾಕಿ. ಮರುವರ್ಷ ಪಾರ್ಥಸಾರಥಿ, ಕರಿನ್ ನೈಫೋರ್ಟ್-ಹ್ಯಾನ್ಸನ್ ಮತ್ತು ಅಮೆರಿಕದ ಮಿಲಾಪ್ ನಹತಾ ಸೇರಿ ಕ್ಲಿನಿಕಲ್ ಫಾರ್ಮಸಿಯ ಪಠ್ಯಪುಸ್ತಕ ಹೊರತಂದರು. ಈ ವಿಷಯ ಓದುವ ಹುಡುಗರ ಚೀಲದಲ್ಲಿ ಇವತ್ತಿಗೂ ಕಾಣುವ ಪುಸ್ತಕ.

2008ರಲ್ಲಿ ದೇಶಕ್ಕೆಲ್ಲ ಫಾರ್ಮ್ ಡಿ ಬಂತು. ಆರು ವರ್ಷದ ಓದು, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ. ಕಾಲೇಜು ಈ ಕೋರ್ಸ್ ನಡೆಸಬೇಕಾದರೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆಯೊಂದರ ನಂಟು ಇರಬೇಕೆಂಬ ನಿಯಮ ಮಾಡಿದರು. ಮೈಸೂರಿನಲ್ಲಿ ಮೊದಲೇ ನಡೆದಿದ್ದದ್ದು ಈಗ ಕಾನೂನಾಯಿತು. 2010ರಲ್ಲಿ ಕೇಂದ್ರ ಸರ್ಕಾರ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಅದಕ್ಕೆ ಡಾಕ್ಟರು, ನರ್ಸು, ಫಾರ್ಮಸಿಸ್ಟ್ ಮಾತ್ರವಲ್ಲ, ಔಷಧಿ ತಗೊಂಡ ನಾವೂ ದೂರು ಕೊಡಬಹುದು. 1800-180-3024 ಎಂಬ ನಂಬರಿಗೆ ಫೋನು ಮಾಡಿದರೆ ದುಡ್ಡು ಬೀಳುವುದಿಲ್ಲ. ಜನಸಾಮಾನ್ಯರು ತುಂಬುವ ಫಾರಂ ಕನ್ನಡದಲ್ಲೂ ಇದೆ.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ನಮ್ಮ ಗೆಳೆಯನೊಬ್ಬ ಬೇರೊಂದು ಊರಿನ ಕಾಲೇಜಿನಲ್ಲಿ ಎಂ.ಫಾರ್ಮ್ ಮಾಡಿದ. ಎರಡು ವರ್ಷದಲ್ಲಿ ಗೈಡ್ ಮುಖ ಸರಿಯಾಗಿ ಕಂಡದ್ದು ಸಹಿಗೆ ಹೋದಾಗ ಮಾತ್ರ. ವಿಷಯ ಕೊಟ್ಟದ್ದು ಸೀನಿಯರ್, ಅಂಕಿ ಸಂಖ್ಯೆಯ ಕೋಷ್ಟಕ ಮಾಡಿಕೊಟ್ಟದ್ದು ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನು. ಪ್ರಬಂಧ ಪಾಸಾಯಿತು, ಚಿನ್ನದ ಅಕ್ಷರದ ರಟ್ಟೂ ಬಿತ್ತು. ಅವನನ್ನು ಕೇಳಿದರೆ ನಗುತ್ತಾನೆ, ಆದರೆ ಆ ಪುಸ್ತಕವನ್ನು ಯಾರಿಗೂ ತೋರಿಸುವುದಿಲ್ಲ. ತಮ್ಮ ಸರ್ಟಿಫಿಕೇಟನ್ನು ಮೆಡಿಕಲ್ ಶಾಪಿಗೆ ತಿಂಗಳ ಬಾಡಿಗೆಗೆ ಕೊಟ್ಟು ಬೇರೆ ಕೆಲಸ ಮಾಡುವವರ ವಿಷಯ ನಿಮಗೆ ನಾವು ಹೇಳಬೇಕಾಗಿಲ್ಲ. ಗೋಡೆಯ ಮೇಲೆ ಒಬ್ಬರ ಹೆಸರು, ಕೌಂಟರಿನಲ್ಲಿ ಇನ್ನೊಬ್ಬರು.

ಇನ್ನೊಂದು ಬೇಸರ. ಆರು ವರ್ಷ ಓದಿ ವಾರ್ಡಿನಲ್ಲಿ ಪಳಗಿದ ಈ ಹುಡುಗ ಹುಡುಗಿಯರಿಗೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಕೆಲಸಕ್ಕೆಂದೇ ಜಾಗ ಕಾಣುವುದು ಅಪರೂಪ. ಎಷ್ಟೋ ಜನ ಬೆಂಗಳೂರಿನ ಕಂಪನಿಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು, ಎಲ್ಲೋ ವಿದೇಶದ ರೋಗಿಗೆ ಆದ ಅಡ್ಡಪರಿಣಾಮವನ್ನು ದಾಖಲು ಮಾಡುತ್ತಾರೆ. ಸಂಬಳ ಚೆನ್ನಾಗಿದೆ, ತಪ್ಪೇನಿಲ್ಲ. ನಮ್ಮ ಅಜ್ಜಿಯರ ಕೆಮ್ಮನ್ನು ಕೇಳುವವರು ಮಾತ್ರ ಮತ್ತೆ ಕಡಿಮೆಯಾದರು.

ಮೇ, ಜೂನ್ ಬಂದರೆ ನಮಗೆ ಫೋನು ಬರುತ್ತದೆ. 'ಮಗಳಿಗೆ ಫಾರ್ಮಸಿ ಸೀಟು ಸಿಗ್ತಾ ಇದೆ, ಯಾವ ಕಾಲೇಜು ಒಳ್ಳೇದು ಸಾರ್?' ನಮಗೆ ಕಾಲೇಜಿನ ರ‍್ಯಾಂಕು ಗೊತ್ತಿಲ್ಲ. ಹೋಗಿ ಬರುವಾಗ ಮೂರು ವಿಷಯ ಕೇಳಿ ಬನ್ನಿ ಅನ್ನುತ್ತೇವೆ: ಆಸ್ಪತ್ರೆ ಎಷ್ಟು ದೂರ, ಮೇಷ್ಟ್ರು ಜೊತೆಗೆ ವಾರ್ಡಿಗೆ ಹೋಗುತ್ತಾರಾ, ಹೋದ ವರ್ಷದ ಹುಡುಗರು ಯಾವುದರ ಮೇಲೆ ಪ್ರಾಜೆಕ್ಟ್ ಮಾಡಿದರು. ಮೂರನೆಯದಕ್ಕೆ ಆಫೀಸಿನವರನ್ನು ಕೇಳಬೇಡಿ, ಕ್ಯಾಂಟೀನಿನಲ್ಲಿ ಕೂತ ಹುಡುಗರನ್ನು ಕೇಳಿ. ಅವರು ತಮ್ಮ ವಿಷಯವನ್ನು ನಮ್ಮಂಥವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲರಾದರೆ, ಅವರ ಹಿಂದೆ ಒಬ್ಬ ಮೇಷ್ಟ್ರು ಇದ್ದಾರೆ ಅಂತ ಅರ್ಥ.

ಅಜ್ಜಿ ಈಗಿಲ್ಲ. ಡಿಸ್‌ಚಾರ್ಜ್ ಆಗುವ ದಿನ ಆ ಕೇರಳದ ಹುಡುಗಿ ಒಂದು ಫಾರಂ ತಂದು, ಮಾತ್ರೆಯ ಹೆಸರು, ಶುರು ಮಾಡಿದ ತಾರೀಕು, ಕೆಮ್ಮು ಬಂದ ತಾರೀಕು ಎಂದು ಬರೆಯುತ್ತಾ ಹೋದಳು. ತಾರೀಕಿನ ಹತ್ತಿರ ಪೆನ್ನು ನಿಂತಿತು. ಹುರುಳಿ ಕೀಳುವುದು ಯಾವ ತಿಂಗಳು ಅಂತ ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರ ಕಡೆ ನೋಡಿದಳು, ಅವರು ಪೇಟೆಯವರು, ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಇಬ್ಬರೂ ಅಜ್ಜಿಯ ಮಂಚದ ಪಕ್ಕ ನಿಂತು, ಬಿತ್ತನೆಯಿಂದ ಹಿಡಿದು ಒಂದೊಂದೇ ತಿಂಗಳು ಎಣಿಸಿಕೊಂಡು ಬಂದರು.